ದುಂಡು ಮೂಲೆಯ ಪೆಟ್ಟಿಗೆ

‘ಸಮಸ್ತ ಸಿಬ್ಬಂದಿ ವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಹೊಸ ಆ್ಯಪ್‌ನಲ್ಲಿ ಪಾಸ್‌ವರ್ಡ್ ಬರೆಯುವ ಪೆಟ್ಟಿಗೆಯ ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಲು ಆಡಳಿತವು ತೀರ್ಮಾನಿಸಿದೆ.’

ಪಾರ್ಸೆಲ್ ಕಂಪನಿಯ ಲಿಫ್ಟ್ ಬಾಗಿಲಿಗೆ ಅಂಟಿಸಿದ್ದ ಈ ಘೋಷಣೆಯ ಕೆಳಗೆ ಆಡಳಿತದ ಸಹಿಯಿತ್ತು. ಆಡಳಿತ ಅಂದರೆ ಅಳಿಯಂದಿರು, ಯಜಮಾನರ ಹಿರಿಯ ಮಗಳ ಗಂಡ. ಯಾವುದರಲ್ಲೂ ಪಾಸಾಗದೆ ಪಾಸ್‌ವರ್ಡುಗಳ ಉಸ್ತುವಾರಿಗೆ ಬಂದು ಕೂತವರು.

ಯಜಮಾನರು ನಿವೃತ್ತರಾಗುವವರಿದ್ದರು. ಆ್ಯಪ್ ತಮ್ಮ ಕೈಯಲ್ಲಿ ಸರಿಯಾಗಿ ತೆರೆದುಕೊಂಡರೆ ಎಂಡಿ ಕುರ್ಚಿ ಅಳಿಯನಿಗೆ, ಇಲ್ಲವಾದರೆ ಹೊರಗಿನವರಿಗೆ ಎಂದು ಊಟದ ಮೇಜಿನಲ್ಲೇ ಹೇಳಿಬಿಟ್ಟಿದ್ದರು. ನೇಮಕದ ಆದೇಶ ಸಿದ್ಧವಾಗಿ ಕಂಪನಿಯ ವೆಬ್‌ಸೈಟ್‌ನಲ್ಲಿ ಯಜಮಾನರ ಖಾತೆಯೊಳಗೆ ಕಾದಿತ್ತು; ಆ್ಯಪ್‌ಗೂ ಅದೇ ಖಾತೆ. ಪಾಲುದಾರರ ಸಭೆ ಮುಗಿಯುವುದರೊಳಗೆ ಅವರು ಒಪ್ಪಿಗೆಯ ಬಟನ್ ಒತ್ತಬೇಕು, ಅಷ್ಟೆ. ಕುರ್ಚಿಯಂತೂ ಆಗಲೇ ಬಂದು, ಪ್ಲಾಸ್ಟಿಕ್ ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು.

ಆ್ಯಪ್ ಬರೆಯುತ್ತಿದ್ದವಳು ಯಜಮಾನರ ಕಿರಿಯ ಮಗಳು, ಅಂದರೆ ಅಳಿಯಂದಿರ ನಾದಿನಿ. ಅವಳು ಎಲ್ಲರಂತೆ ನೇರ ದಾರಿ ಹಿಡಿದಿದ್ದಳು. ಲಾಗಿನ್ ಒತ್ತಿದರೆ ಫೋನಿನ ಬ್ರೌಸರ್ ತೆರೆಯುತ್ತದೆ. ಗ್ರಾಹಕರು ಕಂಪನಿಯ ವೆಬ್‌ಸೈಟ್‌ನಲ್ಲೇ ಪಾಸ್‌ವರ್ಡ್ ಬರೆಯುತ್ತಾರೆ. ಆ್ಯಪ್‌ಗೆ ‘ಇವರನ್ನು ಒಳಗೆ ಬಿಡಿ’ ಎನ್ನುವ ಒಂದು ಟೋಕನ್ ಮಾತ್ರ ಬರುತ್ತದೆ. ಅಳಿಯಂದಿರಿಗೆ ಇದು ಸೇರಲಿಲ್ಲ. ಆ ಪುಟದ ಪೆಟ್ಟಿಗೆ ಚೌಕ, ಅದರ ಬಣ್ಣ ಬೂದು, ಅಲ್ಲಿ ತಮ್ಮ ಕಲ್ಪನೆಯ ಗುರುತೇ ಇಲ್ಲ.

“ಬಾಗ್ಲಿಗೆ ಬಂದೋರನ್ನ ಪಕ್ಕದ್ಮನೆಗೆ ಕಳ್ಸಿ, ಚೀಟಿ ಇಸ್ಕೊಂಬನ್ನಿ ಅಂತೀಯಲ್ಲಮ್ಮ. ಮರ್ಯಾದೆನಾ ಇದು?”

“ಭಾವ, ಪಾಸ್‌ವರ್ಡನ್ನ ಆ್ಯಪ್ ಮುಟ್ಟಲೇಬಾರ್ದು. ಅಂಗಡಿ ಬಾಗ್ಲಲ್ಲಿ ಬ್ಯಾಗ್ ಇಟ್ಟು ಟೋಕನ್ ತಗೋತೀವಿ, ಮನೆ ಬೀಗದ ಕೈ ಕೊಟ್ಟು ಬರ್ತೀವಾ?”

ಅಳಿಯಂದಿರು ಬೀಗದ ಕೈ ತಮಗೇ ಬೇಕೆಂದರು. ಆ್ಯಪ್ ನೇರವಾಗಿ ಸರ್ವರ್ ಜೊತೆ ಮಾತಾಡುವ ಹಳೆಯ ಎಪಿಐ ಒಂದನ್ನು ಹುಡುಕಿ ತಂದರು. ಹೆಸರು, ಪಾಸ್‌ವರ್ಡ್ ಎರಡನ್ನೂ ಆ್ಯಪ್ ತಾನೇ ಹೊತ್ತೊಯ್ದು ಸರ್ವರ್‌ಗೆ ಒಪ್ಪಿಸಿದರೆ ಸಾಕಂತೆ. ಈ ಲಾಗಿನ್‌ಗಾಗಿ ಅವರು ಹೊಡೆದ ಲಾಗಗಳನ್ನು ಸರ್ಕಸ್ಸಿನವರು ನೋಡಿದ್ದರೆ ಅಲ್ಲಾದರೂ ಸ್ವಂತ ಯೋಗ್ಯತೆಯ ಮೇಲೆ ಕೆಲಸ ಸಿಗುತ್ತಿತ್ತು.

ಹಾಗಾದರೆ ಎರಡನೇ ಕೋಡನ್ನು ಎಲ್ಲಿ ಬರೆಯುವುದೆಂದು ನಾದಿನಿ ಕೇಳಿದಳು. ಆ ಕೋಡ್ ಕೂಡ ಅಳಿಯಂದಿರದೇ ಕೂಸು. ಪಾಸ್‌ವರ್ಡ್ ಬರೆದ ಮೇಲೆ ಫೋನಿಗೆ ಬರುವ ಕೋಡನ್ನೂ ಬರೆಯಬೇಕು, ಮೂರು ಸಲ ತಪ್ಪಿದರೆ ಖಾತೆಗೆ ಬೀಗ, ಬೀಗ ತೆಗೆಯಲು ಯಜಮಾನರ ಖಾತೆಯಿಂದ ಒಪ್ಪಿಗೆ, ಇನ್ನು ಮೇಲೆ ಕಾಗದದ ಸಹಿ ಯಾವುದಕ್ಕೂ ನಡೆಯದು: ಇಷ್ಟನ್ನೂ ಹೋದ ವರ್ಷ ಇದೇ ಲಿಫ್ಟ್ ಬಾಗಿಲಿನಲ್ಲಿ ಘೋಷಿಸಿದ್ದರು. ಆಮೇಲೆ ಟೀ ಕುಡಿಯುವಾಗ ಕೋಡ್ ಬಂದು ಕಿರಿಕಿರಿಯಾಗುತ್ತದೆಂದು, ಪರೀಕ್ಷೆಗೆ ಬಳಸುವ ಖಾತೆಗಳಿಗೆ ಮಾತ್ರ ತಾವೇ ವಿನಾಯಿತಿ ಕೊಟ್ಟುಕೊಂಡಿದ್ದರು. ಈಗ ಪರೀಕ್ಷಿಸಿದ್ದೂ ಆ ಖಾತೆಗಳಿಂದಲೇ. ಎಲ್ಲ ಸಲೀಸಾಗಿ ತೆರೆದುಕೊಂಡಿತು. ನಾದಿನಿಗೆ ಹೊಟ್ಟೆಕಿಚ್ಚು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

ಸಭೆಯ ದಿನ ಪಾಲುದಾರರು ಸಾಲಾಗಿ ಕೂತರು. ಅಳಿಯಂದಿರು ದುಂಡು ಮೂಲೆಗಳ ಬಗ್ಗೆ, ಅವು ಗ್ರಾಹಕರ ಮನಸ್ಸಿಗೆ ಕೊಡುವ ನೆಮ್ಮದಿಯ ಬಗ್ಗೆ ಬಿಸ್ಕತ್ತು ಮುಗಿಯುವ ತನಕ ಮಾತಾಡಿ, ಫೋನನ್ನು ಮಾವನವರ ಕೈಗಿಟ್ಟರು. ಯಜಮಾನರು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ‘ಪಾಸ್‌ವರ್ಡ್ ತಪ್ಪು’ ಎಂದಿತು ಪೆಟ್ಟಿಗೆ. ಕೋಡ್ ಜೊತೆಗಿಲ್ಲದ ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಸರ್ವರ್‌ಗೆ ತಪ್ಪೇ. ಕೋಡ್ ಬರೆಯಲು ದುಂಡು ಪೆಟ್ಟಿಗೆಯಲ್ಲಿ ಜಾಗವೇ ಇರಲಿಲ್ಲ.

“ಬೆರಳು ಜಾರಿರ್ಬೇಕು ಮಾವ, ನಿಧಾನವಾಗಿ ಒತ್ತಿ.”

ಯಜಮಾನರು ನಿಧಾನವಾಗಿಯೇ ಒತ್ತಿದರು. ತಪ್ಪು. ನಾದಿನಿ ಸಾಕು ನಿಲ್ಲಿಸಿ ಎನ್ನುವಷ್ಟರಲ್ಲಿ ಅಳಿಯಂದಿರು ಫೋನ್ ಇಸಿದುಕೊಂಡು, ಮಾವನವರು ಕಿವಿಯಲ್ಲಿ ಹೇಳಿದ ಪಾಸ್‌ವರ್ಡನ್ನು ತಾವೇ ಬರೆದು, ಅನುಭವಸ್ಥರ ನಗೆ ನಕ್ಕು, ಒತ್ತಿದರು.

‘ಖಾತೆಗೆ ಬೀಗ ಬಿದ್ದಿದೆ. ಯಜಮಾನರ ಒಪ್ಪಿಗೆ ಪಡೆಯಿರಿ.’

“ನನ್ನದೇ ಒಪ್ಪಿಗೆನಾ? ಸರಿ, ಕೊಟ್ಟೆ,” ಎಂದರು ಯಜಮಾನರು.

“ಹಾಗಲ್ಲ ಮಾವ… ಲಾಗಿನ್ ಆಗಿ ಕೊಡ್ಬೇಕು.”

ಪಾಲುದಾರರಲ್ಲಿ ಒಬ್ಬರು ಕೆಮ್ಮಿದರು. ಯಜಮಾನರು ಜೇಬಿನಿಂದ ಪೆನ್ನು ತೆಗೆದು, ಆ ನೇಮಕದ ಆದೇಶವನ್ನು ಕಾಗದದ ಮೇಲಾದರೂ ತನ್ನಿ, ಸಹಿ ಹಾಕಿ ಮುಗಿಸುತ್ತೇನೆ ಎಂದರು. ಅಳಿಯಂದಿರ ಮುಖಕ್ಕೆ ಜೀವ ಬಂತು.

“ಕಾಗದದ ಸಹಿ ನಡೆಯಲ್ಲ ಅಪ್ಪ,” ಎಂದಳು ಕಿರಿಮಗಳು. “ಭಾವನೇ ನಿಲ್ಸಿದ್ದು.”

ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದರು.