ಎಂಟನೇ ನಂಬರಿನವಳು

"ತೋಳ್ ಮಡಚ್ರೇ ಮುಂಡೇರಾ! ನಿಮ್ ಮೈಲಿ ಹರಿಯೋದು ರಕ್ತ ತಾನೆ? ಚಿನ್ನ ಅಲ್ವಲ್ಲ!"

ಮೇಸ್ತ್ರಿ ಪ್ರಯೂನ್ ಹಿಂದಿನಿಂದ ನೂಕಿದ್ದಕ್ಕೆ ಸಾಲಿಗೆ ಸಾಲೇ ಮುಗ್ಗರಿಸಿತು. ಬರ್ಮಾದಿಂದ ಗಡಿ ದಾಟಿ ಬಂದು ಈ ಥಾಯ್ ಬಂದರಿನಲ್ಲಿ ಸಿಗಡಿ ಸುಲಿಯುವ ಅರವತ್ತು ಹೆಂಗಸರು. ಐಸು ನೀರಿನಲ್ಲಿ ನೆಂದು ನೆಂದು ಅವರ ಬೆರಳುಗಳು ಹೆಣದ ಬೆರಳಿನಂತೆ ಬಿಳಿಚಿದ್ದವು. ಕೂಲಿಗಳಲ್ಲಿ ಎಚ್‌ಐವಿ ಎಷ್ಟು ಹಬ್ಬಿದೆಯೆಂದು ಅಳೆಯಲು ಸರ್ಕಾರದವರು ವರ್ಷಕ್ಕೊಮ್ಮೆ ಬರುತ್ತಿದ್ದರು. ರಕ್ತದ ಸೀಸೆಗೊಂದು ನಂಬರು, ಅದೇ ನಂಬರಿನ ಚೀಟಿ ಕೈಗೆ. ಚೀಟಿ ತೋರಿಸಿದರೆ ಒಂದು ಸೋಪು.

ಸಾಲಿನಲ್ಲಿದ್ದ ಥೀರಿಗೆ ಐದು ತಿಂಗಳ ಬಸಿರು. ಮೀನುದೋಣಿಯಲ್ಲಿ ದುಡಿಯುತ್ತಿದ್ದ ಗಂಡ ಒಣಗಿ ಕಡ್ಡಿಯಾಗಿ ಸತ್ತು ಎರಡು ತಿಂಗಳಾಗಿತ್ತು. ಅವಳಿಗೂ ಅದೇ ರೋಗ ಅಂಟಿದ್ದರೆ ಈಗಲೇ ಮಾತ್ರೆ ಶುರುಮಾಡಬೇಕು, ಆಗ ಮಗುವನ್ನು ಉಳಿಸಿಕೊಳ್ಳಬಹುದು ಎಂದು ದಾದಿಯೊಬ್ಬಳು ಹೇಳಿದ್ದಳು. ರಕ್ತ ಕೊಟ್ಟು ಸೋಪು ಹಿಡಿದ ಥೀರಿ ಮೇಜಿನ ಮುಂದೆಯೇ ನಿಂತಳು.

"ಸಾರ್, ನಂದೇನಾಯ್ತು ಅಂತ ಯಾವಾಗ ಹೇಳ್ತೀರಾ?"

ಅಧಿಕಾರಿ ತಲೆ ಎತ್ತಲಿಲ್ಲ. "ಯಾರ್ದೂ ಹೇಳಲ್ಲಮ್ಮ. ಹೆಸ್ರೇ ಬರ್ಕೊಳಲ್ವಲ್ಲ. ನಮಗೆ ನೂರಕ್ಕೆ ಎಷ್ಟು ಅನ್ನೋದಷ್ಟೇ ಬೇಕು. ಗೊತ್ತಾಗ್ಬೇಕು ಅಂದ್ರೆ ಗುರುತಿನ ಕಾರ್ಡ್ ತಗೊಂಡು ದೊಡ್ಡಾಸ್ಪತ್ರೆಗೆ ಹೋಗು."

"ಕಾರ್ಡು ಈ ಮೇಸ್ತ್ರಿ ಪೆಟ್ಟಿಗೇಲೈತೆ. ಮೂರ್ ಸಲ ಕೇಳ್ದೆ."

"ಕೊಟ್ರೆ ಓಡೋಗ್ತೀಯ. ಮುಚ್ಕೊಂಡು ನಡಿಯೇ, ಗಂಡನ್ ತಿಂದ್ಕೊಂಡೋಳೆ!" ಎಂದ ಪ್ರಯೂನ್.

ಥೀರಿ ಕದಲಲಿಲ್ಲ. "ಹಂಗಾರೆ ಹೋದ್ವರ್ಸ ಎಂಟನೇ ನಂಬರ್ನೋಳಿಗೆ ಐತೆ ಅಂತ ಗೇಟಿಗೆ ಕಾಗ್ದ ಹಚ್ಚಿದ್ರಲ್ಲ?"

ಅಧಿಕಾರಿಗೆ ನಗು ಬಂತು. "ಎಂಟನೇ ನಂಬರಲ್ಲ ಕಣಮ್ಮ, ನೂರಕ್ಕೆ ಎಂಟು! ನಿಮ್ಮಲ್ಲಿ ಐದು ಜನಕ್ಕಿದೆ ಅಂತ. ಯಾರ್ಯಾರು ಅಂತ ನಮಗೂ ಗೊತ್ತಿಲ್ಲ."

ಹೋದ ವರ್ಷ ಆ ಕಾಗದದ ಥಾಯ್ ಅಕ್ಷರ ಯಾರಿಗೂ ಓದಲು ಬಂದಿರಲಿಲ್ಲ. ರೋಗದ ಕಾಗದ, ಅದರಲ್ಲಿ ಎಂಟು ಎನ್ನುವುದಷ್ಟೇ ಗೊತ್ತಾಗಿತ್ತು. ಎಂಟರ ಚೀಟಿ ಖಿನ್ ಓನ್ ಹತ್ತಿರವಿತ್ತು. ಸುಳ್ಳು ಹೇಳಲು ಬಾರದ ಹೆಂಗಸು, ತಾನೇ ತೋರಿಸಿದ್ದಳು. ಅವಳ ತಟ್ಟೆ ಬೇರೆಯಾಯಿತು, ಚಾಪೆ ಹೊರಗೆ ಬಿತ್ತು, ಪ್ರಯೂನ್ ಗೇಟಿನಾಚೆ ದಬ್ಬಿದ. ನಾಲ್ಕನೇ ದಿನ ಶೆಡ್ಡಿನ ಹಿಂದಿನ ಕಾಲುವೆಯಲ್ಲಿ ತೇಲಿದಳು.

ಚಾಪೆ ಎಸೆದವಳು ಥೀರಿಯೇ. ತಾನು ಹೊಸದಾಗಿ ಬಂದು ಜ್ವರದಲ್ಲಿ ಬಿದ್ದಿದ್ದಾಗ ಊರಿನ ಮೀನುಸಾರು ಮೊಹಿಂಗಾ ಕಾಯಿಸಿ ಕುಡಿಸಿದವಳ ಚಾಪೆ.

"ನಗ್ತೀಯೇನಯ್ಯಾ?" ಥೀರಿಯ ಗಂಟಲು ಹರಿಯಿತು. "ಒಂದ್ ಜೀವ ತಿಂದು ನಗ್ತೀಯಾ? ನಮ್ ಕೈಲೇ ಕೊಲ್ಲಿಸ್ದಲ್ಲೋ!"

ಅವಳು ಮೇಜಿನ ಮೇಲಿದ್ದ ತನ್ನ ಸೀಸೆಯನ್ನು ಕಿತ್ತುಕೊಂಡಳು.

"ಏಯ್, ಅದು ಸರ್ಕಾರದ್ದು!"

"ರಕ್ತ ನಂದು. ಸರ್ಕಾರದ್ದು ಇದು, ತಗಾ." ಸೋಪು ಅಧಿಕಾರಿಯ ಕಾಗದಗಳ ಮೇಲೆ ಬಿತ್ತು.

ಪ್ರಯೂನ್ ಕೈಯೆತ್ತಿ ಬಂದ.

"ಬಾ, ಹೊಡಿ! ಅದಕ್ ಮುಂಚೆ ನೀನೂ ತೋಳ್ ಮಡಚು. ಹೆಂಗಸ್ರ ಬಾಗಿಲು ಒದ್ದು ಒಳಗ್ ನುಗ್ತೀಯಲ್ಲ ಬೇವರ್ಸಿ, ನಿನ್ನ ಯಾವ ನೂರ್ಗೆ ಸೇರಿಸ್ಯವ್ರೆ?"

ಎತ್ತಿದ ಕೈ ಅಲ್ಲೇ ನಿಂತಿತು. ಹಿಂದಿನಿಂದ ಮುದುಕಿಯೊಬ್ಬಳು ಬಂದು ತನ್ನ ಸೀಸೆ ಎತ್ತಿಕೊಂಡಳು. ಆಮೇಲೆ ಇನ್ನೊಬ್ಬಳು. ರಕ್ತ ಕೊಟ್ಟವರು ಸೀಸೆ ಎತ್ತಿಕೊಂಡರು, ಕೊಡದವರು ತೋಳು ಇಳಿಸಿದರು. ಮೇಜು ಬರಿದಾಯಿತು.

"ಐಸಲ್ಲಿಡದಿದ್ರೆ ಕೆಟ್ಟೋಗುತ್ತಮ್ಮ..." ಅಧಿಕಾರಿ ಗೋಗರೆದ.

"ಕೆಡ್ಲಿ."

ಒಳಗೆ ಸುಲಿಯದ ಸಿಗಡಿಯ ರಾಶಿಯ ಮೇಲೆ ಐಸು ಕರಗುತ್ತಿತ್ತು. ಥೀರಿ ಖಾಲಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿದಳು.

"ಇವ್ನ ಪೆಟ್ಟಿಗೆ ತೆಗಿಸು, ನಮ್ ಕಾರ್ಡ್ ಕೊಡ್ಸು. ಒಬ್ಬೊಬ್ರ ಹೆಸ್ರೂ ಬರ್ಕೊಂಡು ಅವರವರ್ದು ಅವರವರ್ಗೇ ಹೇಳು. ಮೊದ್ಲು ಖಿನ್ ಓನ್ ಅಂತ ಬರಿ."

ಅಧಿಕಾರಿ ಪೆನ್ನು ತೆಗೆದ. "ಎಲ್ಲಿ ಅವಳು? ಮುಂದೆ ಬರಕ್ಕೇಳು."

ಅರವತ್ತು ಹೆಂಗಸರೂ ಕಾಲುವೆಯ ಕಡೆ ತಿರುಗಿದರು.