ಹದಿನೇಳನೇ ನಂಬರಿನ ಕಸ

ಆ ಬೀದಿಯಲ್ಲಿ ಇಸ್ತ್ರಿಯಣ್ಣನ ಬಾಯಿಗೆ ಹೆದರದವರಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಕಾವು ಕೈಯಿಂದ ತಲೆಗೇರಿದೆ ಎಂದು ಜನ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಗಂಡಸು ಯಾರೂ ಇರಲಿಲ್ಲ.

ಬೀದಿಯ ತಿರುವಿನಲ್ಲಿ, ಲೈಟು ಕಂಬದ ಬುಡದಲ್ಲಿ, ಬೆಳಗಾದರೆ ಕಸದ ಗಂಟುಗಳು ಬಿದ್ದಿರುತ್ತಿದ್ದವು. ಬೋರ್ಡು ಹಾಕಿಸಿದರು, ಬೋರ್ಡಿನ ಕೆಳಗೇ ಹಾಕಿದರು. ಹೂವಿನ ಕುಂಡ ಇಟ್ಟರು, ಕುಂಡದೊಳಗೇ ತುಂಬಿದರು. ಕೊನೆಗೆ ಬೀದಿಯವರೆಲ್ಲ ನಿವೃತ್ತ ಗುಮಾಸ್ತರ ಮನೆಯ ಮುಂದೆ ಸೇರಿದಾಗ ಉಪಾಯ ಹೇಳಿದ್ದು ಇಸ್ತ್ರಿಯಣ್ಣನೇ.

"ಗಂಟು ಬಿಚ್ಚಿ ನೋಡಿ. ಒಂದು ಚೀಟಿನೋ ಲಕೋಟೆನೋ ಸಿಕ್ಕೇ ಸಿಗುತ್ತೆ. ಯಾರದ್ದು ಅಂತ ಗೊತ್ತಾದ್ರೆ ಅವರ ಬಾಗಿಲಿಗೇ ಸುರಿಯೋಣ. ಮಾನ ಹೋದ್ರೆ ಬುದ್ಧಿ ತಾನಾಗಿ ಬರುತ್ತೆ!"

"ಮೊದಲನೇ ಸಲ ಕರೆದು ಹೇಳಿದ್ರೆ ಸಾಲದೇನಪ್ಪ?" ಎಂದರು ಗುಮಾಸ್ತರು.

"ಹೇಳಿ ಹೇಳಿಯೇ ನಿಮ್ಮ ಹಲ್ಲು ಉದುರಿದ್ದು, ಸಾರ್!"

ಎಲ್ಲರೂ ನಕ್ಕರು. ಹಾಗೇ ಆಗಲಿ ಎಂದರು.

ಇಷ್ಟು ಹಾರಾಡಿದವನು ತಾನೇ ಅಲ್ಲಿ ಕಸ ಹಾಕುತ್ತಿದ್ದ ಎಂದರೆ ಯಾರು ನಂಬಬೇಕು? ಹೆಂಡತಿ ಮಗಳ ಬಾಣಂತನಕ್ಕೆ ಹೋಗಿ ಆರು ವಾರವಾಗಿತ್ತು. ಕಸದ ಗಾಡಿ ಬರುವುದು ಎಂಟಕ್ಕೆ. ಆ ಹೊತ್ತಿಗೆ ಅವನು ಆಚೆ ಬೀದಿಗಳಲ್ಲಿ ಬಟ್ಟೆ ಹಂಚುತ್ತಿರುತ್ತಿದ್ದ. ಆರಕ್ಕೆ ಅಂಗಡಿಯ ಬಾಗಿಲು ತೆಗೆಯಲು ಹೋಗುವಾಗ ಗಂಟನ್ನು ಕಂಬದ ಬುಡಕ್ಕೆ ಬಿಟ್ಟು ನಡೆಯುತ್ತಿದ್ದ. ಊರಿನವರದ್ದು ಕಸ, ತನ್ನದು ಒಂದು ಹಿಡಿ ಸಿಪ್ಪೆ. ಅದೂ ಅವಳು ಬರುವ ತನಕ ಮಾತ್ರ. ಉಪಾಯ ಹೇಳಿದ ಮೇಲೂ ಬಿಡಲಿಲ್ಲ. ಒಳಗೆ ತನ್ನ ಹೆಸರಿರುವ ಚೀಟಿ ಇಲ್ಲವೆಂದು ಎರಡೆರಡು ಸಲ ನೋಡಿ, ಬಟ್ಟೆ ಸುತ್ತಲು ಇಟ್ಟುಕೊಂಡ ಹಳೇ ಪೇಪರಿನಲ್ಲಿ ಕಟ್ಟುತ್ತಿದ್ದ, ಅಷ್ಟೇ.

ಒಂದು ಗುರುವಾರ ಅವನು ಸೈಕಲ್ಲಿನಲ್ಲಿ ಹಿಂದಿರುಗಿದಾಗ ಹದಿನೇಳನೇ ನಂಬರಿನ ಮನೆಯ ಮುಂದೆ ಗುಂಪು ಸೇರಿತ್ತು. ಮೆಟ್ಟಿಲ ಮೇಲೆ ಕಸ ಸುರಿದಿತ್ತು. ಆ ಮನೆಯಲ್ಲಿ ಬಾಡಿಗೆಗಿದ್ದ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವಳು, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು.

"ಸಿಕ್ಕಿಬಿದ್ರು ನೋಡು," ಎಂದರು ಗುಮಾಸ್ತರು. "ಪೇಪರ್ ಹಾಕೋನು ಮೂಲೆಯಲ್ಲಿ ಪೆನ್ಸಿಲಿಂದ ಮನೆ ನಂಬರ್ ಬರೀತಾನಲ್ಲ, ಗಂಟು ಕಟ್ಟಿದ ಪೇಪರಿನ ಮೇಲೆ ಹದಿನೇಳು ಅಂತಿದೆ."

"ಅಣ್ಣ, ಆ ಪೇಪರು ಓದಿದ ಮೇಲೆ ನಾನು..." ಎಂದು ನರ್ಸಮ್ಮ ಇವನ ಕಡೆ ತಿರುಗಿದಳು.

ಇಸ್ತ್ರಿಯಣ್ಣ ಸೈಕಲ್ಲಿಗೆ ಸ್ಟ್ಯಾಂಡು ಕೂಡ ಹಾಕಿರಲಿಲ್ಲ. "ಕದ್ದವರೆಲ್ಲ ಹೇಳೋದೇ ಹೀಗೆ! ಆಸ್ಪತ್ರೇಲಿ ಕೈ ತೊಳ್ಕೊಳ್ಳಿ, ಕೈ ತೊಳ್ಕೊಳ್ಳಿ ಅಂತ ಊರಿಗೆಲ್ಲ ಬುದ್ಧಿ ಹೇಳೋರು, ಬೀದೀನ ತಿಪ್ಪೆ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

ಆಮೇಲೆ ಮೆಟ್ಟಿಲು ನೋಡಿದ. ಈರುಳ್ಳಿ ಸಿಪ್ಪೆ, ಚಹಾದ ಚರಟ, ಅದರ ಮಧ್ಯೆ ಪಾತ್ರೆಯ ತಳದ ಆಕಾರದಲ್ಲೇ ಎದ್ದು ಬಂದ ಕರಕಲು ಅನ್ನದ ಬಿಲ್ಲೆ. ಮೂವತ್ತು ವರ್ಷದಲ್ಲಿ ಒಂದು ಬಟ್ಟೆ ಸುಟ್ಟವನಲ್ಲ, ಆರು ವಾರದಿಂದ ಅನ್ನ ಮಾತ್ರ ದಿನಾ ಸೀಯಿಸುತ್ತಿದ್ದ. ವಾರಕ್ಕೊಮ್ಮೆ ಯೂನಿಫಾರಂ ಕೊಡಲು ಬರುವಾಗ ನರ್ಸಮ್ಮ ಹಳೇ ಪೇಪರನ್ನೂ ತಂದು ಕೊಡುತ್ತಿದ್ದಳು. "ಬಟ್ಟೆ ಸುತ್ತೋಕೆ ಆಗುತ್ತೆ, ಇಟ್ಕೊಳ್ಳಿ ಅಣ್ಣ" ಎನ್ನುತ್ತಿದ್ದಳು.

ನರ್ಸಮ್ಮ ಅವನನ್ನೇ ಒಂದು ಗಳಿಗೆ ನೋಡಿ, ಡಬ್ಬಿ ಕೆಳಗಿಟ್ಟು, ಬರಿಗೈಯಲ್ಲಿ ಕಸ ಬಾಚತೊಡಗಿದಳು. ಅವನು ಸೈಕಲ್ಲು ತಳ್ಳಿಕೊಂಡು ಹೋದ.

ನಾಳೆ ಹೇಳಿದರಾಯಿತು ಎಂದುಕೊಂಡ. ಶುಕ್ರವಾರ ಅಂಗಡಿಗೆ ಬಂದವರೆಲ್ಲ "ನಿನ್ನ ಉಪಾಯ ಫಲಿಸ್ತಲ್ಲಯ್ಯ" ಎಂದು ಬೆನ್ನು ತಟ್ಟಿದರು. ಶನಿವಾರ ಅವಳ ಬಿಳಿ ಯೂನಿಫಾರಂ ಮೇಜಿನ ಮೇಲೆ ಹರಡಿದ. ನೀರು ಚಿಮುಕಿಸಿದ, ಕಾಲರು ತೀಡಿದ, ಮತ್ತೆ ತೀಡಿದ. ಅದರಲ್ಲಿ ಸುಕ್ಕೇ ಇರಲಿಲ್ಲ. ಮಧ್ಯಾಹ್ನ ಹದಿನೇಳನೇ ನಂಬರಿನ ಮನೆಯ ಮಾಲೀಕರು ಶರ್ಟು ತಗೊಂಡು ಹೋಗಲು ಬಂದರು.

"ಆಯಮ್ಮಂಗೆ ಮನೆ ಖಾಲಿ ಮಾಡು ಅಂದೆ ಕಣಯ್ಯ. ನಮ್ಮಪ್ಪ ಕಟ್ಟಿಸಿದ ಮನೆ, ಅದರ ಮೆಟ್ಟಿಲ ಮೇಲೆ ಕಸ ಸುರಿಸ್ಕೊಳ್ಳೋದು ಅಂದ್ರೇನು?"

ಆಗಲಾದರೂ ಹೇಳಬಹುದಿತ್ತು. ಅಂಗಡಿಯಲ್ಲಿದ್ದವರು ಇಬ್ಬರೇ. ಅವನು ಶರ್ಟನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಕೊಟ್ಟ. ಊರನ್ನೆಲ್ಲ ಹೆದರಿಸುವ ಬಾಯಿ, ಬೇಕಾದಾಗ ಬಿಲ ಸೇರಿತ್ತು.

ಭಾನುವಾರ ಬೆಳಿಗ್ಗೆ ಬಟ್ಟೆ ಹಂಚಲು ಹೋಗಲಿಲ್ಲ. ಎಂಟಕ್ಕೆ ಕಸದ ಗಾಡಿ ಬಂದು, ಜನ ಡಬ್ಬಿ ಹಿಡಿದು ಹೊರಗೆ ಬಂದಾಗ, ತಿರುವಿನಲ್ಲಿ ನಿಂತು ಕೂಗಿದ.

"ಆ ಕಸ ನಂದು! ನರ್ಸಮ್ಮಂದಲ್ಲ. ಪೇಪರು ಅವರದ್ದು, ಕಸ ನಂದು!"

ಗುಮಾಸ್ತರ ಕಣ್ಣು ತುಂಬಿಬಂತು. "ಎಂಥ ದೊಡ್ಡ ಮನಸ್ಸಯ್ಯ ನಿಂದು! ಒಂದು ಹೆಣ್ಣುಮಗಳು ಬೀದಿಪಾಲಾಗ್ತಾಳೆ ಅಂತ ಅವಳ ತಪ್ಪನ್ನ ತಲೆ ಮೇಲೆ ಹೊರ್ತಿದ್ದೀಯಲ್ಲ!"

"ಹೊರ್ತಾ ಇಲ್ಲ ಸಾರ್, ನಂದೇ ಅದು!"

"ಬಾಯಿ ಒರಟು, ಕರುಳು ಮೆತ್ತಗೆ," ಎಂದಳು ಎದುರು ಮನೆಯ ಟೈಲರಮ್ಮ.

ಹೊಗಳಿಕೆ ಮೈಮೇಲೆ ಕೆಂಡ ಸುರಿದಂತಾಯಿತು. ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕಸದ ಗಾಡಿಯ ಹೆಂಗಸು ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಆರು ವಾರದಿಂದ ದಿನಾ ಸೀದ ಅನ್ನ ಎತ್ತಿದೋಳು ನಾನು. ಗುರುವಾರ ಆಯಮ್ಮನ ಬಾಗಿಲಿಗೆ ಸುರಿದ ಮೇಲೆ ನಿಂತೋಯ್ತು. ಆಯಮ್ಮಂದಾಗಿದ್ರೆ ಈಗ ಮನೆ ಡಬ್ಬಿಲಿ ಸಿಗಬೇಕಿತ್ತಲ್ಲ, ಸಿಕ್ಕಿಲ್ಲ. ಕಸಕ್ಕೂ ಮುಖ ಇರುತ್ತೆ ಕಣ್ರೀ, ಎತ್ತೋರಿಗೆ ಕಾಣುತ್ತೆ. ನನ್ನನ್ನ ಯಾರು ಕೇಳಿದ್ರಿ?"

ನರ್ಸಮ್ಮ ತನ್ನ ಡಬ್ಬಿಯನ್ನು ಗಾಡಿಗೆ ಸುರಿದು, ತಟ್ಟಿ, ಖಾಲಿ ಮಾಡಿದಳು.

"ನಿಮಗೆ ಮೊದಲೇ ಗೊತ್ತಿತ್ತಾ, ತಾಯಿ?" ಎಂದ ಇಸ್ತ್ರಿಯಣ್ಣ.

"ನಾನು ಪೇಪರ್ ಕೊಡೋದು ನಿಮಗೊಬ್ಬರಿಗೇ ಅಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದಾಗ ನೀವು ಕಳ್ಳಿ ಅಂದ್ರಿ. ಆಮೇಲೆ ನಿಮ್ಮ ಮುಖ ನೋಡಿದೆ. ನಿಮಗೂ ಗೊತ್ತಾಯ್ತು ಅಂತ ತಿಳೀತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಮೂರು ದಿನ ಕಾದೆ."

ಅವನು ಅಲ್ಲಿ ನಿಲ್ಲಲಿಲ್ಲ. ಒಂದೇ ಉಸಿರಿಗೆ ಮಾಲೀಕರ ಮನೆಗೆ ಓಡಿದ. ಎಲ್ಲ ಹೇಳಿದ, ಕಾಲು ಹಿಡಿಯಲೂ ಬಗ್ಗಿದ. ಮಾಲೀಕರು ಹಿಂದೆ ಸರಿದರು.

"ನಿನ್ನೆ ನಿನ್ನ ಅಂಗಡೀಲಿ ನಿಂತಿದ್ದೆನಲ್ಲಯ್ಯ! ಆಗ ಬಾಯಲ್ಲಿ ಏನಿಟ್ಕೊಂಡಿದ್ದೆ? ಸಾಯಂಕಾಲ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆ. ಮಕ್ಕಳೊಂದಿಗರು, ಈಗ ಹೇಗೆ ಇಲ್ಲ ಅನ್ನಲಿ?"

ಮುಂದಿನ ಬುಧವಾರ ಹದಿನೇಳನೇ ನಂಬರಿನ ಮುಂದೆ ಸಾಮಾನಿನ ಗಾಡಿ ನಿಂತಿತು. ಇಸ್ತ್ರಿಯಣ್ಣ ಅಂಗಡಿ ಮುಚ್ಚಿ, ತೋಳು ಮಡಚಿ, ಕರೆಯದೆಯೇ ಹೋದ. ನರ್ಸಮ್ಮ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನ ಕಡೆ ಗದ್ದ ಎತ್ತಿ ತೋರಿಸಿದಳು. ಅವನು ಅದನ್ನು ಒಬ್ಬನೇ ಬೆನ್ನಿಗೆ ಏರಿಸಿಕೊಂಡು ಮೆಟ್ಟಿಲಿಳಿದ.