ಅಮ್ಮ ಹಿಂತೆಗೆದುಕೊಂಡ ಮಾತು

ಟೈಲರಮ್ಮನ ಮಗಳಿಗೆ ಮೂವತ್ತು ಹತ್ತಿರವಾದರೂ ಎಲ್ಲರ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಹುಲ್ಲುಕಡ್ಡಿ ಅಲುಗಿದರೂ ಹೆದರುವ ಜೀವ ಅದು. ಅಂಗಡಿಯ ಶಟರ್ ಎತ್ತುವ ಮೊದಲು ತಾಯಿ ಮಗಳು ಹಿಂದಿನ ಕೋಣೆಯಲ್ಲಿ ಕೈ ಹಿಡಿದುಕೊಂಡು ಪ್ರಾರ್ಥನೆಗೆ ಕೂರುತ್ತಿದ್ದರು. ಹೆಸರಿಗಷ್ಟೇ ಪ್ರಾರ್ಥನೆ. ನಿಜ ಹೇಳಬೇಕೆಂದರೆ ಅಲ್ಲಿ ನಡೆಯುತ್ತಿದ್ದುದು ಪುಟ್ಟಿಯ ಭಯಗಳ ಸಂತೆ.

"ಅಮ್ಮಾ, ಇಸ್ತ್ರಿಪೆಟ್ಟಿಗೆ ಆರಿಸಿದ್ನಾ? ಬೆಂಕಿ ಹತ್ಕೊಂಡ್ರೆ?"

"ಏನೂ ಆಗಲ್ಲ. ಯೇಸಪ್ಪ ಇದ್ದಾನೆ."

"ಆ ಮದುವೆ ಹುಡುಗಿ ಗೌನು ಬಿಗಿಯಾಗ್ಬಿಟ್ರೆ?"

"ಏನೂ ಆಗಲ್ಲ. ಫೋಟೋ ತೆಗೆಯೋವರೆಗೂ ಉಸಿರು ಬಿಗಿಹಿಡ್ಕೋತಾಳೆ ಬಿಡು."

ಪುಟ್ಟಿ ನಗುತ್ತಿದ್ದಳು. ಆಮೇಲೆ ಕೊನೆಯದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ನಿಂಗೇನಾದ್ರೂ ಆದ್ರೆ?"

"ನಂಗೇನೂ ಆಗಲ್ಲ. ಯೇಸಪ್ಪ ಕಾಯ್ತಾನೆ, ಬರೆದಿಟ್ಕೋ."

ಅಲ್ಲ, ದೇವರನ್ನು ಒಂದು ಮಾತೂ ಕೇಳದೆ ಅವನ ಪರವಾಗಿ ಹೀಗೆ ಮಾತು ಕೊಡಲು ಇವಳಿಗೆ ಅಧಿಕಾರ ಕೊಟ್ಟವರು ಯಾರು? ಆದರೆ ಮಗಳ ಕೈ ಹಿಡಿದು ಕೂತ ತಾಯಿ ಇನ್ನೇನು ತಾನೇ ಹೇಳಿಯಾಳು. ಆ ಮಾತಿನ ಬಲದಿಂದಲೇ ಪುಟ್ಟಿ ಎದ್ದು ಮುಖ ತೊಳೆದು, ಗಿರಾಕಿಗಳ ಮುಂದೆ ನಿಂತು, ಗುಂಡಿ ಹಾಕಿ, ಅಂಚು ಮಡಿಚಿ, ಹೇಗೋ ದಿನ ದೂಡುತ್ತಿದ್ದಳು.

ಟೈಲರಮ್ಮನ ಹೊಟ್ಟೆನೋವು ಗ್ಯಾಸ್ ಅಲ್ಲವೆಂದು ಡಾಕ್ಟರು ಹೇಳಿದ್ದು ಒಂದು ಮಧ್ಯಾಹ್ನ. ಗೆಡ್ಡೆ ಪಿತ್ತಕೋಶ ದಾಟಿ ಎಲ್ಲೆಲ್ಲೋ ಹಬ್ಬಿತ್ತು. ಆಪರೇಷನ್ ಮಾಡಿ ಉಪಯೋಗವಿಲ್ಲ, ಮನೆಯವರಿಗೆ ತಿಳಿಸಿ ಎಂದರು. ಮನೆಯವರು ಅಂದರೆ ಪುಟ್ಟಿ ಒಬ್ಬಳೇ. ಮನೆಗೆ ಬಂದ ಟೈಲರಮ್ಮ ಏನೂ ಆಗದವಳಂತೆ ಹೊಲಿಗೆ ಯಂತ್ರದ ಮುಂದೆ ಕೂತಳು.

ಮರುದಿನ ಬೆಳಿಗ್ಗೆ ಅದೇ ಕೋಣೆ. ಇಸ್ತ್ರಿಪೆಟ್ಟಿಗೆಯ ಭಯ ಮುಗಿಯಿತು, ಬೀಗದ ಭಯ ಮುಗಿಯಿತು.

"ನಿಂಗೇನಾದ್ರೂ ಆದ್ರೆ?"

ಉತ್ತರ ಟೈಲರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಇವತ್ತಿನ ದಿನ ಕಳೆಯುತ್ತಿತ್ತು. ಆದರೆ ನಾಳೆ ತಾನು ಕಣ್ಣು ಮುಚ್ಚಿದಾಗ ಪುಟ್ಟಿ ತಾಯಿಯ ಜೊತೆಗೆ ದೇವರನ್ನೂ ಕಳೆದುಕೊಳ್ಳುತ್ತಾಳೆ. ಮಾತು ತಪ್ಪಿದವನನ್ನು ಯಾರು ನಂಬುತ್ತಾರೆ?

"ಆಗುತ್ತೆ ಪುಟ್ಟೀ," ಎಂದಳು. "ಆಗ್ಬಿಟ್ಟಿದೆ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

ಪುಟ್ಟಿ ಕೈ ಕಿತ್ತುಕೊಂಡಳು. "ಹಾಗಾದ್ರೆ ಇಷ್ಟು ವರ್ಷ ಹೇಳಿದ್ದು? ಯೇಸಪ್ಪ ಕಾಯ್ತಾನೆ ಅಂದಿದ್ದು?"

"ಏನೂ ಆಗಲ್ಲ ಅಂತ ಹೇಳಿದ್ದು ನಾನಮ್ಮ. ಆತ ಅಲ್ಲ. ಜೊತೆಗಿರ್ತೀನಿ ಅಂತಷ್ಟೇ ಆತ ಹೇಳಿದ್ದು. ನೀನು ಹೆದರ್ತೀಯಲ್ಲ ಅಂತ ನಾನೇ ಜಾಸ್ತಿ ಸೇರಿಸಿಬಿಟ್ಟೆ. ಕೋಪ ಬಂದ್ರೆ ನನ್ನ ಮೇಲೆ ಮಾಡ್ಕೋ. ಆತನನ್ನ ಮಾತ್ರ ಬಿಡ್ಬೇಡ. ನಾನು ಹೋದ್ಮೇಲೆ ನಿಂಗೆ ಯಾರಿದ್ದಾರೆ?"

ಹೊರಗೆ ಯಾರೋ ಗಿರಾಕಿ ಶಟರ್ ಬಡಿದು, ಕಾದು, ಹೊರಟುಹೋದ. ಇಬ್ಬರೂ ಏಳಲಿಲ್ಲ. ಪುಟ್ಟಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಮುಟ್ಟಲು ಹೋದರೆ ಕೈ ತಳ್ಳಿದಳು.

ಬಹಳ ಹೊತ್ತಾದ ಮೇಲೆ ಪುಟ್ಟಿ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

"ಅಮ್ಮಾ, ನಿಂಗೆ ಭಯ ಆಗ್ತಿದ್ಯಾ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ. "ಹೂಂ," ಎಂದಳು ಟೈಲರಮ್ಮ. "ತುಂಬಾ ಭಯ ಆಗ್ತಿದೆ ಕಣೇ."

ಪುಟ್ಟಿ ಹತ್ತಿರ ಸರಿದು ಅಮ್ಮನ ಎರಡೂ ಕೈ ಹಿಡಿದಳು.

"ಯೇಸಪ್ಪಾ, ನಮ್ಮಮ್ಮಂಗೆ ಭಯ ಆಗ್ತಿದೆ," ಎಂದಳು. "ಜೊತೆಗಿರು."

ಆಮೆನ್ ಎನ್ನಬೇಕಾಗಿದ್ದ ತಾಯಿ ಮಗಳ ಭುಜಕ್ಕೆ ಮುಖವೊತ್ತಿ ಮಗುವಿನಂತೆ ಅಳತೊಡಗಿದ್ದಳು.